ಇಎಸ್‌ಐ ಕಾರ್ಡ್ ಇದ್ದ ಮೇಲೂ ಡಾಕ್ಟರ್ ಫೀಸು ಕೊಡಬೇಕಾ? (ಮುಂಬೈ, ಪುಣೆ, ಗೋವಾದವರು ಹೇಳಿ)

ಸಾಕಿನಾಕಾ_ಸಪ್ಲೈಯರ್

ಸಾಕಿನಾಕಾ, ಮರೋಳ ಕಡೆ ಹೋಟೆಲುಗಳಲ್ಲಿ ಕೆಲಸಕ್ಕಿರುವ ಹುಡುಗರ ಪರವಾಗಿ ಕೇಳ್ತಾ ಇದ್ದೇನೆ. ಸಂಬಳ 18,000 ಆಸುಪಾಸು, ಸ್ಲಿಪ್ಪಿನಲ್ಲಿ ತಿಂಗಳು ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಉಂಟು. ಜ್ವರ, ಕೆಮ್ಮು ಅಂತ ಪ್ಯಾನಲ್ ಡಾಕ್ಟರ (ಇಎಸ್‌ಐಗೆ ಜೋಡಿಸಿದ ಖಾಸಗಿ ಡಾಕ್ಟರ) ಹತ್ರ ಹೋದರೆ ಕೆಲವು ಕಡೆ 100 ರೂಪಾಯಿ ಕೇಳ್ತಾರೆ, ಇಂಜೆಕ್ಷನ್ ಕೊಟ್ಟರೆ ಮೇಲೆ 50. ರಸೀತಿ ಇಲ್ಲ. ಇದು ನಿಯಮದಲ್ಲಿ ಉಂಟಾ? ಮತ್ತೆ ಸಂಬಳ 21,000 ದಾಟಿದ ತಿಂಗಳಿಂದಲೇ ಕಾರ್ಡ್ ಬಂದ್ ಅಂತ ಮ್ಯಾನೇಜರುಗಳು ಹೇಳ್ತಾರಲ್ಲ, ಅದು ಹೌದಾ? ಗೊತ್ತಿದ್ದವರು ಅಂಕೆ ಸಮೇತ ಹೇಳಿ ಮಾರಾಯ್ರೆ. "ಅಲ್ಲೇ ಹೋಗಿ ವಿಚಾರಿಸಿ" ಅನ್ನುವ ಉತ್ತರ ಬೇಡ, ವಿಚಾರಿಸಿದರೆ ನಾಲ್ಕು ಜನ ನಾಲ್ಕು ಥರ ಹೇಳ್ತಾರೆ.

ಚಿಂಚವಾಡ_ಪೇರೋಲ್

ನಿಯಮದಲ್ಲಿ ಇಲ್ಲ. ಇಎಸ್‌ಐ ವಿಮೆದಾರ ಡಾಕ್ಟರ ಮುಂದೆ ಕೂತಾಗ ಕೊಡಬೇಕಾದ್ದು ಸೊನ್ನೆ ರೂಪಾಯಿ. ತಪಾಸಣೆಗೂ ಇಲ್ಲ, ಇಂಜೆಕ್ಷನ್ನಿಗೂ ಇಲ್ಲ, ಔಷಧಕ್ಕೂ ಇಲ್ಲ. ಹೆಂಡತಿ ಮಕ್ಕಳಿಗೂ ಅದೇ. ತಂದೆ ತಾಯಿ ಅವಲಂಬಿತರಾಗಿದ್ದು ಅವರ ಸ್ವಂತ ಆದಾಯ ತಿಂಗಳಿಗೆ 9,000 ಮೀರದಿದ್ದರೆ ಅವರಿಗೂ ಅದೇ.

ಫೀಸು ಮೊದಲೇ ಸಂಬಳದಿಂದ ಹೋಗಿರ್ತದೆ. 2019ರ ಜುಲೈ 1ರಿಂದ ನೌಕರನ ಪಾಲು 0.75%, ಮಾಲೀಕರ ಪಾಲು 3.25%. 18,000ಕ್ಕೆ 135 ಮತ್ತು 585, ಒಟ್ಟು 720. ವರ್ಷಕ್ಕೆ 8,640 ರೂಪಾಯಿ ಒಬ್ಬ ಸಪ್ಲೈಯರ್ ಹೆಸರಲ್ಲಿ ಇಎಸ್‌ಐ ನಿಗಮಕ್ಕೆ ಜಮಾ ಆಗ್ತದೆ. ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸ್ತಾರೆ, 21,000ಕ್ಕೆ 157.50 ಬದಲು 158. ದಿನದ ಸರಾಸರಿ ಕೂಲಿ 176 ರೂಪಾಯಿವರೆಗೆ ಇದ್ದವರ ಪಾಲು ಮಾಫಿ, ಆದರೆ ಮುಂಬೈ ಪುಣೆಯಲ್ಲಿ ಅಷ್ಟು ಕಡಿಮೆ ಕೂಲಿ ಪುಸ್ತಕದಲ್ಲಿ ತೋರಿಸಿದರೆ ಅದು ಬೇರೆಯೇ ಕೇಸು ಆಗ್ತದೆ.

ಈಗ 21,000ದ ಮಾತು, ಅಂದರೆ ಇಎಸ್‌ಐಗೆ ಸೇರೋ ಸಂಬಳದ ಮಿತಿ. (ಅಂಗವಿಕಲ ನೌಕರರಿಗೆ ಮಿತಿ 25,000.) ದಾಟಿದ ತಿಂಗಳಿಂದಲೇ ಬಂದ್ ಅನ್ನೋದು ತಪ್ಪು. ವರ್ಷದಲ್ಲಿ ಎರಡು ವಂತಿಗೆ ಅವಧಿ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿ ಶುರುವಾದ ಮೇಲೆ ಸಂಬಳ ಏರಿದರೆ ಆ ಅವಧಿ ಮುಗಿಯೋ ತನಕ ಕಡಿತ ನಡೀಲೇಬೇಕು, ಅದೂ ಏರಿದ ಪೂರ್ತಿ ಸಂಬಳದ ಮೇಲೆ. ಅದಕ್ಕೆ ಪ್ರತಿಯಾಗಿ ಸೌಲಭ್ಯದ ಅವಧಿ ಮೂರು ತಿಂಗಳು ಬಿಟ್ಟು ಬರ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಮುಂದಿನ ಜನವರಿ–ಜೂನ್. ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈ–ಡಿಸೆಂಬರ್.

ಹಾಗಾಗಿ ಮೇ ತಿಂಗಳಲ್ಲಿ 22,500 ಆದವನಿಗೆ ಸೆಪ್ಟೆಂಬರ್ ತನಕ ಕಡಿತ, ಮುಂದಿನ ವರ್ಷದ ಜೂನ್ 30ರ ತನಕ ಚಿಕಿತ್ಸೆ. ಏಪ್ರಿಲ್ 1ಕ್ಕೇ ಏರಿದರೆ ಅವತ್ತೇ ಕಡಿತ ನಿಲ್ತದೆ, ಆದರೂ ಹಿಂದಿನ ಅಕ್ಟೋಬರ್–ಮಾರ್ಚ್ ವಂತಿಗೆಯ ಬಲದ ಮೇಲೆ ಆ ವರ್ಷ ಡಿಸೆಂಬರ್ 31ರ ತನಕ ಡಾಕ್ಟರ ಬಾಗಿಲು ತೆರೆದೇ ಇರ್ತದೆ. ಷರತ್ತು ಒಂದೇ, ಆ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಹಬ್ಬಕ್ಕೆ ಊರಿಗೆ ಹೋಗಿ ಎರಡು ಮೂರು ತಿಂಗಳು ಅಲ್ಲೇ ಕೂತವರಿಗೆ ಕೈ ಕೊಡೋದು ಇದೇ 78.

ಕುಡ್ಲ_ಟು_ಕುರ್ಲಾ

ಪೇರೋಲ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ: ಡಾಕ್ಟರು ಯಾಕೆ ಕೇಳ್ತಾರೆ ಅಂತ.

ಇಎಸ್‌ಐಯಲ್ಲಿ ಮೊದಲ ಮೆಟ್ಟಿಲು ಎರಡು ಥರ. ಒಂದು ಸರ್ಕಾರಿ ದವಾಖಾನೆ, ಅಲ್ಲಿ ಡಾಕ್ಟರಿಗೆ ಸಂಬಳ. ಇನ್ನೊಂದು ಪ್ಯಾನಲ್, ಅಂದರೆ ಖಾಸಗಿ ಕ್ಲಿನಿಕ್ಕಿನ ಡಾಕ್ಟರಿಗೆ ಇಷ್ಟು ವಿಮೆದಾರರು ಅಂತ ಜೋಡಿಸಿ, ತಲೆಲೆಕ್ಕದಲ್ಲಿ ವರ್ಷಕ್ಕೆ ಇಂತಿಷ್ಟು ಅಂತ ಕೊಡೋದು. ಮಹಾರಾಷ್ಟ್ರದಲ್ಲಿ ಈ ಪ್ಯಾನಲ್ ಪದ್ಧತಿ ಹಳೇದು. ತಲೆಲೆಕ್ಕ ಆದ್ದರಿಂದ ಒಬ್ಬ ವರ್ಷಕ್ಕೆ ಒಮ್ಮೆ ಬಂದರೂ ಇಪ್ಪತ್ತು ಸಲ ಬಂದರೂ ಡಾಕ್ಟರಿಗೆ ಸಿಗೋದು ಅಷ್ಟೇ. ಅದೇ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯವನು ಖಾಸಗಿ ಪೇಶಂಟ್, ಅವನು ಬಂದಾಗೆಲ್ಲ ಹಣ ಕೊಡ್ತಾನೆ. ಆಸೆ ಹುಟ್ಟೋದು ಅಲ್ಲಿ. ತಲೆಲೆಕ್ಕದ ದರ ಸಾಲದು ಅನ್ನೋ ಡಾಕ್ಟರುಗಳ ದೂರಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ, ಆದರೆ ಅದಕ್ಕೆ ಬೆಲೆ ತೆರಬೇಕಾದವನು ಸಪ್ಲೈಯರ್ ಅಲ್ಲ.

ಮಾಡೋದು ಏನು ಅಂದರೆ, ಹಣ ಕೇಳಿದರೆ ಮೊದಲು ರಸೀತಿ ಕೇಳಿ. ಅರ್ಧಕ್ಕರ್ಧ ಜನ ಅಲ್ಲೇ "ಇರಲಿ ಬಿಡಿ" ಅಂತಾರೆ. ಕೊಡಲೇಬೇಕಾಗಿ ಬಂದರೆ ನಗದು ಬೇಡ, ಯುಪಿಐ ಮಾಡಿ. ಷರಾ ಜಾಗದಲ್ಲಿ "ಇಎಸ್‌ಐ ತಪಾಸಣೆ" ಅಂತ ಬರೆಯಿರಿ. ತಾರೀಕು, ಹೊತ್ತು, ಮೊತ್ತ ಮೂರೂ ದಾಖಲೆ ಆಯ್ತು. ಆಮೇಲೆ 10 ಅಂಕೆಯ ವಿಮಾ ಸಂಖ್ಯೆ ಬರೆದು ಪ್ರಾದೇಶಿಕ ಕಚೇರಿಗೆ ಅರ್ಜಿ, ಮುಂಬೈಯದು ಲೋವರ್ ಪರೇಲಿನ ಎನ್.ಎಂ. ಜೋಶಿ ಮಾರ್ಗದ ಪಂಚದೀಪ ಭವನ. ಫೋನಿನಲ್ಲಾದರೆ 1800 11 2526. ಆನ್‌ಲೈನ್ ಆದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್, ಅಲ್ಲಿ ನೋಂದಣಿ ಸಂಖ್ಯೆ ಸಿಗ್ತದೆ, ಬೆನ್ನು ಹತ್ತಬಹುದು. ಅರ್ಜಿಯಲ್ಲಿ ಸಿಟ್ಟು ಬೇಡ. ಯಾವ ದಿನ, ಯಾರಿಗೆ, ಎಷ್ಟು, ಯಾವುದಕ್ಕೆ ಅಂತ ಕೇಳಿದರು, ಅಷ್ಟೇ ಸಾಕು.

ಮತ್ತೆ ಡಾಕ್ಟರನ್ನು ಬದಲಾಯಿಸಬಹುದು. ಜಗಳಕ್ಕಿಂತ ಇದು ಸುಲಭ.

ಸಾಕಿನಾಕಾ_ಸಪ್ಲೈಯರ್

ಬದಲಾಯಿಸೋದು ಹೇಗೆ? ಮಾಲೀಕರ ಸಹಿ ಬೇಕಾ?

ಚಿಂಚವಾಡ_ಪೇರೋಲ್

ಇಎಸ್‌ಐ ಪೋರ್ಟಲಿನಲ್ಲಿ ಮಾಲೀಕರ ಲಾಗಿನ್ನಿನಿಂದಲೂ ಆಗ್ತದೆ, ವಿಮೆದಾರನ ಸ್ವಂತ ಲಾಗಿನ್ನಿನಿಂದಲೂ ಆಗ್ತದೆ. ವಿಮಾ ಸಂಖ್ಯೆ, ಜನ್ಮ ದಿನಾಂಕ, ನೋಂದಾಯಿತ ಮೊಬೈಲಿಗೆ ಬರೋ ಒಟಿಪಿ. ಗಾಡಿ ನಿಲ್ಲೋದು ಎಲ್ಲಿ ಅಂದರೆ ಆ ಮೊಬೈಲ್ ನಂಬರಿನಲ್ಲಿ. ನೋಂದಣಿ ಮಾಡೋವಾಗ ಆಫೀಸಿನವರು ಹತ್ತು ಹುಡುಗರಿಗೂ ತಮ್ಮದೇ ಒಂದು ನಂಬರ್ ಹಾಕಿ ಕೈ ತೊಳ್ಕೊಂಡಿರ್ತಾರೆ. ಮೊದಲು ಅದನ್ನು ಸರಿ ಮಾಡಿಸ್ರಿ.

ಇನ್ನೊಂದು ಮಾಮೂಲಿ ಎಡವಟ್ಟು: ದವಾಖಾನೆಯನ್ನು ಕಂಪನಿಯ ವಿಳಾಸಕ್ಕೆ ಹತ್ತಿರದ್ದು ಅಂತ ಹಾಕಿರ್ತಾರೆ. ಕೆಲಸ ವರಳಿಯಲ್ಲಿ, ಖೋಲಿ ಮೀರಾ ರೋಡಲ್ಲಿ. ರಾತ್ರಿ ಮಗುವಿಗೆ ಜ್ವರ ಬಂದರೆ ವರಳಿಗೆ ಯಾರು ಹೋಗ್ತಾರೆ? ಮನೆ ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಹೋಗಿ 300 ಕೊಟ್ಟು ಬರ್ತಾರೆ, ಆ 300 ವಾಪಸ್ ಬರೋದಿಲ್ಲ. ದವಾಖಾನೆಯನ್ನು ಮನೆ ವಿಳಾಸಕ್ಕೆ ಜೋಡಿಸಬೇಕು, ಕೆಲಸದ ವಿಳಾಸಕ್ಕಲ್ಲ.

ಕೌಂಟರಿನಲ್ಲಿ "ಎಲಿಜಿಬಲ್ ಇಲ್ಲ" ಅಂತ ಬಂದರೆ ಮೂರು ಸಾಧ್ಯತೆ ನೋಡಿ. ಕಡಿತ ಮಾಡಿದ ಮಾಲೀಕ ಹಣ ಕಟ್ಟಿಲ್ಲ. ಕಟ್ಟಬೇಕಾದ್ದು ಮುಂದಿನ ತಿಂಗಳ 15ನೇ ತಾರೀಕಿನೊಳಗೆ. ಇಲ್ಲಾ 78 ದಿನ ತುಂಬಿಲ್ಲ. ಇಲ್ಲಾ ಒಬ್ಬನಿಗೆ ಎರಡು ವಿಮಾ ಸಂಖ್ಯೆ ಆಗಿದೆ: ಹಳೇ ಹೋಟೆಲಲ್ಲಿ ಒಂದು, ಹೊಸ ಹೋಟೆಲಿನವರು ಕೇಳದೇ ಇನ್ನೊಂದು. ದಿನಗಳು ಎರಡು ಕಡೆ ಹಂಚಿಹೋಗಿ ಎಲ್ಲೂ 78 ತುಂಬೋದಿಲ್ಲ. ಕೆಲಸ ಬಿಟ್ಟು ಹಿಡಿದಾಗ ಹಳೇ ಸಂಖ್ಯೆಯನ್ನೇ ಕೊಡಬೇಕು. ವಿಮಾ ಸಂಖ್ಯೆ ಮನುಷ್ಯನದು, ಕಂಪನಿಯದಲ್ಲ. ತಿಂಗಳು ತಿಂಗಳು ಎಷ್ಟು ದಿನ ಬಿದ್ದಿದೆ ಅನ್ನೋದು ಅದೇ ಲಾಗಿನ್ನಿನ ವಂತಿಗೆ ವಿವರದಲ್ಲಿ ಕಾಣ್ತದೆ, ಸರ್ಕಾರದ ಉಮಂಗ್ ಆ್ಯಪಿನಲ್ಲೂ ಕಾಣ್ತದೆ.

ಮುಲುಂಡ_ಫಾರ್ಮಸಿ

ಔಷಧದ ಬಗ್ಗೆ ಯಾರೂ ಹೇಳಲಿಲ್ಲ. ಬರೆದ ಗುಳಿಗೆ ದವಾಖಾನೆಯಲ್ಲಿ ಇಲ್ಲದಿದ್ದರೆ "ಹೊರಗೆ ತಗೊಳ್ಳಿ" ಅಂತ ಬಾಯಲ್ಲಿ ಹೇಳಿಸಿಕೊಂಡು ಬರಬೇಡಿ. ಚೀಟಿಯ ಮೇಲೆ ಲಭ್ಯವಿಲ್ಲ ಅಂತ ಠಸ್ಸೆ ಹಾಕಿಸಿ, ಸಹಿ ತಾರೀಕು ಸಮೇತ. ಆಮೇಲೆ ಹೊರಗಿನ ಅಂಗಡಿಯ ಜಿಎಸ್‌ಟಿ ಬಿಲ್ಲು, ಅದರಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಬ್ಯಾಚ್ ನಂಬರ್. ಇವಿಷ್ಟು ಇದ್ದರೆ ಮರುಪಾವತಿ ಅರ್ಜಿ ನಿಲ್ತದೆ. ಠಸ್ಸೆ ಇಲ್ಲದ ಚೀಟಿಗೆ ಅರ್ಜಿಯೇ ತಗೊಳ್ಳೋದಿಲ್ಲ.

ಹಿಂಜವಡಿ_ಮೇಸ್ತ್ರಿ

ನಮ್ಮ ಕಡೆ ಪರಿಸ್ಥಿತಿ ಬೇರೆ ಐತ್ರಿ. ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದು ಪುಣೆಯ ಹಿಂಜವಡಿ, ವಾಕಡ ಸೈಟಿನಾಗ ಗಾರೆ ಕೆಲಸ ಮಾಡೋರು. ಇಎಸ್‌ಐ ಇಲ್ಲ. ಕಾರ್ಡ್ ಅಂದ್ರ ಕರ್ನಾಟಕದ ಬಿಪಿಎಲ್ ರೇಷನ್ ಕಾರ್ಡ್, ಜೊತಿಗೆ ಆಯುಷ್ಮಾನ್ ಕಾರ್ಡ್. ಐದು ಲಕ್ಷದ ಕಾರ್ಡ್ ಐತಿ ಅಂತ ಖಾಸಗಿ ದವಾಖಾನಿಗೆ ಹೋದ್ರ ಡಾಕ್ಟರ್ ನೋಡಾಕ 600 ಕಟ್ಟು ಅಂತಾರ. ಕಾರ್ಡ್ ನಡಿಯೂದಿಲ್ಲೇನ್ರಿ?

ಡೊಂಬಿವಲಿ_ಕಾಗದಪತ್ರ

ನಡೀತದೆ, ಆದರೆ ಬರೀ ತೋರಿಸಿಕೊಂಡು ಬರೋದಕ್ಕಲ್ಲ ಅಣ್ಣಾ. ಬಹಳ ಜನ ಮೋಸಹೋಗೋ ಜಾಗ ಇದು, ಸ್ವಲ್ಪ ಉದ್ದ ಬರೀತೀನಿ.

2018ರ ಸೆಪ್ಟೆಂಬರ್ 23ಕ್ಕೆ ಶುರುವಾದ ಆಯುಷ್ಮಾನ್ ಭಾರತ್ ಪಿಎಂಜೆಎವೈ (ಕೇಂದ್ರದ ಆರೋಗ್ಯ ಯೋಜನೆ, ನಿಮ್ಮ ಆಯುಷ್ಮಾನ್ ಕಾರ್ಡ್ ಇದರದ್ದೇ) ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಕೊಡ್ತದೆ. ಕೊಡೋದು ದಾಖಲಾದ ಚಿಕಿತ್ಸೆಗೆ. ಹೊರರೋಗಿ ವಿಭಾಗದಲ್ಲಿ ಕೂತು ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಂಡು ಬಂದರೆ ಯೋಜನೆ ಒಂದು ಪೈಸೆಯನ್ನೂ ಕಟ್ಟೋದಿಲ್ಲ. ಆ 600 ಅದಕ್ಕೇ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಇದೇ ಜಾತಿಯದು. 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಅಂತ ಶುರುವಾಗಿ 2017ರಲ್ಲಿ ಹೆಸರು ಬದಲಾಯಿತು. ಈಗ ಅದೂ 5 ಲಕ್ಷ, ಚಿಕಿತ್ಸೆಗಳ ನಿಗದಿತ ಪಟ್ಟಿ, ಹಳದಿ, ಕೇಸರಿ ಮಾತ್ರ ಅಲ್ಲ, ಬಿಳಿ ರೇಷನ್ ಕಾರ್ಡಿನವರಿಗೂ ಉಂಟು.

ಆದರೆ ದಾಖಲಾದರೆ ಲೆಕ್ಕ ತಿರುಗ್ತದೆ. ಪಿಎಂಜೆಎವೈ ಪ್ಯಾಕೇಜಿನಲ್ಲಿ ದಾಖಲಾಗೋದಕ್ಕೆ ಹಿಂದಿನ 3 ದಿನದ ತಪಾಸಣೆ, ಪರೀಕ್ಷೆ, ಔಷಧ ಸೇರಿದೆ. ಬಿಡುಗಡೆ ಆದ ಮೇಲಿನ 15 ದಿನದ್ದೂ ಸೇರಿದೆ. ಸೋಮವಾರ 600 ಕಟ್ಟಿ ತೋರಿಸಿ, 2,000 ಕೊಟ್ಟು ಸ್ಕ್ಯಾನ್ ಮಾಡಿಸಿ, ಬುಧವಾರ ಅದೇ ಕಾಯಿಲೆಗೆ ಅಲ್ಲೇ ದಾಖಲಾದರೆ ಆ 2,600 ಪ್ಯಾಕೇಜಿನ ಒಳಗಿನದು. ಆಸ್ಪತ್ರೆ ಎರಡು ಕಡೆ ತಗೊಳ್ಳೋ ಹಾಗಿಲ್ಲ, ರಸೀತಿ ತೋರಿಸಿ ವಾಪಸ್ ಕೇಳಬಹುದು. ಕೊಡದಿದ್ದರೆ 14555, ಇಲ್ಲವೇ ಯೋಜನೆಯ ಆನ್‌ಲೈನ್ ದೂರು ಪೋರ್ಟಲ್. ಫುಲೆ ಯೋಜನೆಗೆ 155388.

ಹೋದ ತಕ್ಷಣ ಒಪಿಡಿ ಕೌಂಟರಿನ ಸಾಲಿಗೆ ನಿಲ್ಲಬೇಡಿ, ಮೊದಲು ಆರೋಗ್ಯಮಿತ್ರ (ಯೋಜನೆಯ ಕಾಗದಪತ್ರ ನೋಡೋ ಸಹಾಯಕ) ಎಲ್ಲಿ ಅಂತ ಕೇಳಿ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲೆಲ್ಲ ಆ ಮೇಜು ಇರಬೇಕು. ಕಾರ್ಡ್, ಆಧಾರ್ ತೋರಿಸಿ ಮೊದಲೇ ನೋಂದಣಿ ಮಾಡಿಸಿ. ಡಾಕ್ಟರು ದಾಖಲು ಮಾಡಬೇಕು ಅಂತ ಬರೆದ ಮೇಲೆ ಪೂರ್ವಾನುಮತಿ ಆನ್‌ಲೈನ್ ಹೋಗ್ತದೆ. ನೀವು ಮೊದಲು ನಗದು ಪೇಶಂಟ್ ಆಗಿ ದಾಖಲಾಗಿ, ಎರಡು ದಿನ ಬಿಟ್ಟು ಕಾರ್ಡ್ ತೆಗೆದರೆ ಅಲ್ಲಿವರೆಗಿನ ಬಿಲ್ಲಿಗೆ ಜಗಳ ಖಾತ್ರಿ. ತುರ್ತು ಇದ್ದರೆ ಅದನ್ನು ಬೇರೆ ದಾರಿಯಲ್ಲಿ ತಿಳಿಸಿ ನಂತರ ಕಾಗದ ಪೂರ್ತಿ ಮಾಡೋ ವ್ಯವಸ್ಥೆ ಇದೆ, ಅದನ್ನೂ ಆರೋಗ್ಯಮಿತ್ರನೇ ಹಾಕಬೇಕು.

ಕರ್ನಾಟಕದ ಕಾರ್ಡ್ ಬಗ್ಗೆ: ಫುಲೆ ಯೋಜನೆಯ ರಾಜ್ಯದ ಭಾಗ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಇದ್ದವರಿಗೆ. ನಿಮ್ಮವರಿಗೆ ದಾರಿ ಪಿಎಂಜೆಎವೈಯ ಪೋರ್ಟಬಿಲಿಟಿ. ಬಿಪಿಎಲ್ ಆಗಿ ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಪರಿಶೀಲನೆ ಆಗಿದ್ದರೆ ಬೇರೆ ರಾಜ್ಯದ ಪಿಎಂಜೆಎವೈ ಆಸ್ಪತ್ರೆಯಲ್ಲೂ ನಡೀತದೆ. ಕರ್ನಾಟಕದ ಎಪಿಎಲ್ ಕುಟುಂಬಕ್ಕೆ ಸಿಗೋದು ಪ್ಯಾಕೇಜಿನ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಅದು ರಾಜ್ಯದ ಹಣ, ಪುಣೆಗೆ ಬರೋದಿಲ್ಲ. ಎರಡೂ ಕಾರ್ಡಿನ ಮೇಲೆ ಚಿಹ್ನೆಗಳು ಒಂದೇ ಥರ ಕಾಣೋದರಿಂದ ಗೊಂದಲ.

ಹೆಸರಿನ ತಾಪತ್ರಯ ಬೇರೆ. ಮಹಾರಾಷ್ಟ್ರದ ಕಾಗದದಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯದೋ ಗಂಡನದೋ. ನಮ್ಮವರ ಆಧಾರಿನಲ್ಲಿ ಬರೀ "ಮಲ್ಲಪ್ಪ ಎಸ್." ಅಂತ ಇರ್ತದೆ. ಇಲ್ಲಿ ರೇಷನ್ ಕಾರ್ಡ್ ಮಾಡಿಸೋವಾಗ ಗುಮಾಸ್ತ ಅದನ್ನು ಬಿಡಿಸಿ ಬರೆದುಬಿಟ್ಟರೆ ಆಸ್ಪತ್ರೆಯ ಪರದೆ ಮೇಲೆ ಇಬ್ಬರು ಮಲ್ಲಪ್ಪ ಆಗ್ತಾರೆ. ಆಧಾರನ್ನು ಮೊದಲು ಸರಿ ಮಾಡಿಸಿ, ಉಳಿದ ಕಾಗದವನ್ನು ಅದಕ್ಕೆ ಹೊಂದಿಸಿ, ಉಲ್ಟಾ ಬೇಡ.

ಹಿಂಜವಡಿ_ಮೇಸ್ತ್ರಿ

ಹಂಗಾದ್ರ ಬರೀ ಜ್ವರ, ಭೇದಿಗೆ ಎಲ್ಲಿ ಹೋಗಬೇಕ್ರಿ?

ಡೊಂಬಿವಲಿ_ಕಾಗದಪತ್ರ

ವಿಮೆಯನ್ನು ಮರೆತುಬಿಡಿ, ಸರ್ಕಾರಿ ದವಾಖಾನೆಗೆ ಹೋಗಿ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮೀಣ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಕೇಸ್ ಪೇಪರಿನ (ನೋಂದಣಿ ಚೀಟಿಯ) ಫೀಸೂ ಇಲ್ಲ, ಪರೀಕ್ಷೆಯ ಫೀಸೂ ಇಲ್ಲ. ಕಾರ್ಡೂ ಬೇಡ.

ಆದರೆ "ಸರ್ಕಾರಿ" ಅಂದರೆ ಎಲ್ಲ ಒಂದೇ ಇಲಾಖೆ ಅಲ್ಲ. ಪುಣೆಯ ಸಸೂನ್, ಮುಂಬೈಯ ಜೆ.ಜೆ. ವೈದ್ಯಕೀಯ ಶಿಕ್ಷಣ ಇಲಾಖೆಯವು. ಕೆಇಎಂ, ಸಾಯನ್, ನಾಯರ್, ಕೂಪರ್ ಮುಂಬೈ ಪಾಲಿಕೆಯವು. ಆ 2023ರ ಆದೇಶ ಇವುಗಳಿಗೆ ಹತ್ತೋದಿಲ್ಲ. ಪಾಲಿಕೆ ಆಸ್ಪತ್ರೆಯಲ್ಲಿ ಕೇಸ್ ಪೇಪರಿಗೆ 10 ರೂಪಾಯಿ, ಪರೀಕ್ಷೆಗಳಿಗೆ ಬೇರೆ ದರಪಟ್ಟಿ. ಆ 10 ರೂಪಾಯಿ ಯಾವ ವಿಮೆಯ ಫೀಸೂ ಅಲ್ಲ, ಆಸ್ಪತ್ರೆಯ ಸ್ವಂತ ಶುಲ್ಕ. ಕಾರ್ಡ್ ತೋರಿಸಿ ಅದನ್ನು ಬಿಡಿಸಿಕೊಳ್ಳೋಕೆ ನೋಡಿದರೆ ಹಿಂದಿನ ಸಾಲಿನವರ ಬೈಗುಳ ಬಿಟ್ಟು ಬೇರೇನೂ ಸಿಗೋದಿಲ್ಲ. ಮುಂಬೈಯಲ್ಲಾದರೆ 2022ರ ನವೆಂಬರಿನಲ್ಲಿ ಶುರುವಾದ ಬಾಳಾಸಾಹೇಬ್ ಠಾಕ್ರೆ ಆಪಲಾ ದವಾಖಾನಾಗಳಲ್ಲಿ ತಪಾಸಣೆ, ಔಷಧ ಪುಕ್ಕಟೆ, ಪರೀಕ್ಷೆಗಳ ಪಟ್ಟಿಯಲ್ಲಿ 147 ಇವೆ. ರಾತ್ರಿ 10ರ ತನಕ ತೆರೆದಿರೋದು ಅವುಗಳ ದೊಡ್ಡ ಅನುಕೂಲ, ದಿನಗೂಲಿಯವನು ರಜೆ ಹಾಕಬೇಕಿಲ್ಲ.

ಗರ್ಭಿಣಿ, ಬಾಣಂತಿ, ಒಂದು ವರ್ಷದೊಳಗಿನ ಕಾಯಿಲೆ ಮಗು: ಇವರಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಬಳಕೆದಾರ ಶುಲ್ಕವೇ ಇಲ್ಲ.

ಠಾಣೆ_ಲೆಕ್ಕಿಗ

ಒಂದು ಒಪ್ಪದ ಮಾತು ಹೇಳ್ತೇನೆ, ಬೈಬೇಡಿ. ಎಲ್ಲಾ ಸೊನ್ನೆ ಮಾಡಿದ್ದರಿಂದಲೇ ಸಾಲು ಉದ್ದ. 20 ರೂಪಾಯಿ ಇಟ್ಟರೆ ನೆಗಡಿಯವನು ಮನೆಯಲ್ಲಿ ಕಷಾಯ ಕುಡೀತಾನೆ, ಡಾಕ್ಟರಿಗೆ ಡಯಾಬಿಟಿಸ್‌ನವನನ್ನು ನೋಡಲು ಹೊತ್ತು ಸಿಗ್ತದೆ. ಹೊರದೇಶದ ಸರ್ಕಾರಿ ವಿಮೆಗಳಲ್ಲೂ ಭೇಟಿ ಶುಲ್ಕ ಇದೆ.

ಚಿಂಚವಾಡ_ಪೇರೋಲ್

ಜರ್ಮನಿಯವರು ಅದನ್ನೇ ಮಾಡಿ ನೋಡಿದ್ರು. 2004ರಿಂದ ಮೂರು ತಿಂಗಳಿಗೊಮ್ಮೆ ಮೊದಲ ಭೇಟಿಗೆ 10 ಯೂರೋ, ವಿಮೆ ಇದ್ದವರೂ ಕ್ಲಿನಿಕ್ಕಿನ ಮೇಜಿನ ಮೇಲೇ ಕಟ್ಟಬೇಕಿತ್ತು. ವಸೂಲಿ, ರಸೀತಿ, ಕೊಡದವರ ಬೆನ್ನು ಹತ್ತೋದು, ಎಲ್ಲ ಡಾಕ್ಟರುಗಳ ತಲೆಗೆ. ಭೇಟಿಗಳ ಸಂಖ್ಯೆ ಅಂದುಕೊಂಡ ಹಾಗೆ ಇಳಿಯಲಿಲ್ಲ. 2012ರ ಕೊನೆಗೆ ಅವರ ಸಂಸತ್ತೇ ಅದನ್ನು ತೆಗೆದುಹಾಕ್ತು. ಅಲ್ಲಿ 10 ಯೂರೋ ಜನಕ್ಕೆ ಕಿರಿಕಿರಿ. ಇಲ್ಲಿ 20 ರೂಪಾಯಿ ಜೊತೆಗೆ ಅರ್ಧ ದಿನದ ಕೂಲಿ, ರಿಕ್ಷಾ ಬಾಡಿಗೆ ಮೊದಲೇ ಹೋಗಿರ್ತದೆ. ಭೇಟಿಗೆ ನಿಜವಾದ ಫೀಸು ಆ ಕೂಲಿಯೇ.

ಕುಡ್ಲ_ಟು_ಕುರ್ಲಾ

ಮತ್ತೆ, ತಡೆಯೋದು ಯಾರನ್ನು? ನೆಗಡಿಯವನು ಯಾರು, ಕ್ಷಯದ ಕೆಮ್ಮಿನವನು ಯಾರು ಅಂತ ಬಾಗಿಲಲ್ಲಿ ಗೊತ್ತಾಗೋದಿಲ್ಲ. ಧಾರಾವಿ, ಗೋವಂಡಿ ಕಡೆ ಎರಡು ವಾರ ಮೀರಿದ ಕೆಮ್ಮನ್ನು 20 ರೂಪಾಯಿಗೆ ಮನೆಯಲ್ಲಿ ಕೂರಿಸಿದರೆ ಖೋಲಿಯ ಉಳಿದ ಎಂಟು ಜನಕ್ಕೆ ಹಂಚಿದ ಹಾಗೆ.

ಠಾಣೆ_ಲೆಕ್ಕಿಗ

ಕ್ಷಯಕ್ಕೆ ವಿನಾಯಿತಿ ಕೊಡಬಹುದಲ್ಲ. ಇರಲಿ. ವಸೂಲಿ ಖರ್ಚಿನ ಮಾತು ಒಪ್ಪಿದೆ, 10 ರೂಪಾಯಿ ಕೇಸ್ ಪೇಪರಿಗೆ ಒಂದು ಕಿಟಕಿ, ಒಬ್ಬ ಗುಮಾಸ್ತ, ಒಂದು ಪ್ರಿಂಟರ್ ಬೇಕಾಗ್ತದೆ. ಕಿಟಕಿ ಇರೋದು ನೋಂದಣಿಗೆ, ಹಣಕ್ಕಲ್ಲ ಅಂತ ನೀವು ಹೇಳಬಹುದು.

ವಾಸ್ಕೊ_ಝುವಾರಿ

ಗೋವಾದ ಕಥೆ ಯಾರೂ ಎತ್ತಲಿಲ್ಲ. ವಾಸ್ಕೊ, ಝುವಾರಿನಗರ, ಮಾಪ್ಸಾದಾಗ ನಮ್ಮ ಮಂದಿ ಎಷ್ಟ್ ಅದಾರಂತ ಎಲ್ಲರಿಗೂ ಗೊತ್ತದ.

ಗೋವಾದ ರಾಜ್ಯ ಯೋಜನೆ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆ, 2016ರಿಂದ. ಮೂರು ಜನದ ತನಕ ಇರೋ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ, ನಾಲ್ಕು ಅಥವಾ ಹೆಚ್ಚು ಇದ್ದರೆ 4 ಲಕ್ಷ, 447 ಚಿಕಿತ್ಸೆ. ಇದೂ ಪಟ್ಟಿಯಲ್ಲಿರೋ ಚಿಕಿತ್ಸೆಗೆ. ಖಾಸಗಿ ಕ್ಲಿನಿಕ್ಕಿನ ತಪಾಸಣೆ ಫೀಸಿಗಲ್ಲ. ಅರ್ಹತೆಗೆ ಗೋವಾದಾಗ 5 ವರ್ಷ ವಾಸ ಇರಬೇಕು. ಇಲ್ಲಿ ಒಂದು ತಪ್ಪು ತಿಳುವಳಿಕೆ ಭಾಳ ಮಂದಿಗದ: ಸರ್ಕಾರಿ ನೌಕರಿ ಅರ್ಜಿಗೆ ಕೇಳೋ 15 ವರ್ಷದ ವಾಸ ಪತ್ರ ಬೇಕಂತ ಸುಮ್ಮನೆ ಕೂತಿರ್ತಾರ. ಬೇಡ, 5 ವರ್ಷದ ದಾಖಲೆ ಸಾಕು. ಕಾರ್ಡ್ ಅವಧಿ ಮುಗಿದ ಮ್ಯಾಲೆ ನವೀಕರಣ ಮಾಡಿಸದಿದ್ದರ ಆಪರೇಷನ್ ಟೇಬಲ್ ತನಕ ಹೋಗಿ ವಾಪಸ್ ಬರಬೇಕಾಗ್ತದ.

ಬಾಂಬೊಳಿಮ್‌ನ ಗೋವಾ ವೈದ್ಯಕೀಯ ಕಾಲೇಜಿನಾಗ 2018ರ ಜನವರಿಯಿಂದ ಗೋವಾದವರಲ್ಲದವರಿಗೆ ಫೀಸು ಅದ. ಕಾರವಾರ, ಅಂಕೋಲಾ ಕಡೆಯವರು ಹಿಂದ ಪುಕ್ಕಟೆ ಬರ್ತಿದ್ದರು, ಅವಾಗ ಕಾರವಾರದಾಗ ದೊಡ್ಡ ಗದ್ದಲ ಆಗಿತ್ತು. ಹಂಗಾಗಿ ಊರಿನಿಂದ ಅಪ್ಪ ಅಮ್ಮನ್ನ ಕರಕೊಂಡು ಬರೋವಾಗ ಅವರ ಆಧಾರ್ ಕರ್ನಾಟಕದ್ದಿದ್ದರ ಫೀಸು ಬೀಳ್ತದ ಅಂತ ತಿಳಕೊಂಡೇ ಬರ್ರಿ. ಅವರ ಕಡೆ ಆಯುಷ್ಮಾನ್ ಕಾರ್ಡ್ ಇದ್ದು ದಾಖಲಾಗೋ ಕೇಸ್ ಆಗಿದ್ದರ, ಫೀಸು ಕಟ್ಟೋ ಮೊದಲೇ ಪಿಎಂಜೆಎವೈ ಮೇಜು ಎಲ್ಲದ ಅಂತ ಕೇಳ್ರಿ.

ಇಎಸ್‌ಐ ಇದ್ದವರಿಗೆ ಮಡಗಾಂವದಾಗ ಇಎಸ್‌ಐ ಆಸ್ಪತ್ರೆ ಅದ. ಆ ಕಾರ್ಡಿಗೆ ಗೋವಾ, ಕರ್ನಾಟಕ ಭೇದ ಇಲ್ಲ. ಹೋಟೆಲ್, ಶಿಪ್‌ಯಾರ್ಡ್ ಗುತ್ತಿಗೆ ಹುಡುಗರಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಕಾರ್ಡ್. ಐದು ವರ್ಷ ಕಾಯೋದೂ ಇಲ್ಲ, ಭೇಟಿ ಫೀಸೂ ಇಲ್ಲ, ಖರ್ಚಿಗೆ ಲಕ್ಷದ ಮಿತಿನೂ ಇಲ್ಲ.

ಖಡಕಿ_ಪಿಂಚಣಿ

ಕೇಂದ್ರ ಸರ್ಕಾರದ ನಿವೃತ್ತರಿಗಾಗಿ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ನೌಕರರ, ನಿವೃತ್ತರ ಆರೋಗ್ಯ ಯೋಜನೆ) ಕುರಿತು ಚುಟುಕಾಗಿ. ವಂತಿಗೆ ವೇತನ ಹಂತದ ಪ್ರಕಾರ ತಿಂಗಳಿಗೆ 250, 450, 650 ಅಥವಾ 1,000. ನಿವೃತ್ತರು ಒಟ್ಟಿಗೆ 120 ತಿಂಗಳದ್ದು ಕಟ್ಟಿದರೆ ಜೀವನಪೂರ್ತಿ ಕಾರ್ಡ್. ಅಂದರೆ 30,000ದಿಂದ 1,20,000 ತನಕ. ವೆಲ್‌ನೆಸ್ ಸೆಂಟರಿನಲ್ಲಿ (ಯೋಜನೆಯ ಸ್ವಂತ ದವಾಖಾನೆಯಲ್ಲಿ) ತಪಾಸಣೆಗೆ ಹಣವಿಲ್ಲ. ಅಲ್ಲಿಂದ ಬರೆಸಿಕೊಂಡ ರೆಫರಲ್ 3 ತಿಂಗಳು ನಡೆಯುತ್ತದೆ, ಆರು ಭೇಟಿಗಳ ತನಕ. 70 ದಾಟಿದವರು ರೆಫರಲ್ ಇಲ್ಲದೆ ನೇರವಾಗಿ ಪಟ್ಟಿಯಲ್ಲಿರುವ ಆಸ್ಪತ್ರೆಯ ತಜ್ಞರನ್ನು ನೋಡಬಹುದು. ಹಿಂದೆ ಇದು 75 ಇತ್ತು.

ಹಣ ಕಳೆದುಕೊಳ್ಳುವುದು ಎಲ್ಲಿ ಎಂದರೆ, ನಿವೃತ್ತರಿಗೆ ಪಟ್ಟಿಯ ಆಸ್ಪತ್ರೆಗಳು ಉದ್ರಿಯಲ್ಲಿ ನೋಡಬೇಕು, ಸೇವೆಯಲ್ಲಿರುವವರು ಮೊದಲು ಕಟ್ಟಿ ಇಲಾಖೆಯಿಂದ ಪಡೆಯಬೇಕು. ನಿವೃತ್ತರೂ ಅಭ್ಯಾಸಬಲದಿಂದ ಕಟ್ಟಿಬಿಡುತ್ತಾರೆ. ವಾಪಸ್ ಬರುವುದು ನಿಗದಿತ ದರ ಮಾತ್ರ. 2023ರ ಏಪ್ರಿಲ್‌ನಲ್ಲಿ ಒಪಿಡಿ ಸಲಹೆಯ ದರ 150ರಿಂದ 350ಕ್ಕೆ ಏರಿತು, 2025ರ ಅಕ್ಟೋಬರ್ 13ರಿಂದ ದರಪಟ್ಟಿ ಮತ್ತೆ ಪರಿಷ್ಕರಣೆಯಾಗಿದೆ. ನೀವು 1,200 ಕಟ್ಟಿದ್ದರೂ ಪಟ್ಟಿಯಲ್ಲಿರುವಷ್ಟೇ ಕೈಗೆ ಬರುತ್ತದೆ. ಕಟ್ಟುವ ಮೊದಲು ಕಾರ್ಡ್ ಮುಂದಿಡಿ.

ಇನ್ನು 70 ದಾಟಿದವರ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಿಂದ ಇದೆ, ಆದಾಯದ ಮಿತಿ ಇಲ್ಲ. ಸಿಜಿಎಚ್‌ಎಸ್‌ನವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹಾಗೆ ಆರಿಸುವ ಮುನ್ನ ನೆನಪಿಡಬೇಕಾದ್ದು: ವಯ ವಂದನಾದಲ್ಲಿ ಹೊರರೋಗಿ ತಪಾಸಣೆ, ದಿನನಿತ್ಯದ ರಕ್ತದೊತ್ತಡದ ಗುಳಿಗೆ ಇಲ್ಲ, ಸಿಜಿಎಚ್‌ಎಸ್‌ನಲ್ಲಿ ಇದೆ. ಇಎಸ್‌ಐ ಇದ್ದವರಿಗೆ ಈ ಆಯ್ಕೆಯ ಕಟ್ಟುಪಾಡಿಲ್ಲ, ಎರಡೂ ಇರಬಹುದು.

ಮುಲುಂಡ_ಫಾರ್ಮಸಿ

ಇಎಸ್‌ಐಯಲ್ಲೂ ನಿವೃತ್ತರಿಗೆ ಉಂಟು, ಬಹಳ ಜನಕ್ಕೆ ಗೊತ್ತಿಲ್ಲ. ನಿವೃತ್ತಿಗೆ ಮುಂಚೆ ಕನಿಷ್ಠ 5 ವರ್ಷ ವಿಮೆಯಲ್ಲಿದ್ದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೀಬಹುದು. ತಿಂಗಳಿಗೆ 10 ರೂಪಾಯಿ, ಈಗಿನ ಕಾಲದಲ್ಲಿ ಕಟಿಂಗ್ ಚಹಾಕ್ಕೂ ಸಾಲದು. ಕೆಲಸ ಬಿಡೋ ದಿನ ಮಾಲೀಕರಿಂದ ನಿವೃತ್ತಿ ಪತ್ರ ಬರೆಸಿಕೊಳ್ಳಿ. "ರಾಜೀನಾಮೆ" ಅಂತ ಬರೆದರೆ ಅರ್ಜಿ ಅಲ್ಲಿಗೇ ನಿಲ್ತದೆ.

ಸಾಕಿನಾಕಾ_ಸಪ್ಲೈಯರ್

ಎಲ್ಲರಿಗೂ ಉಪಕಾರ. ಇನ್ನೆರಡು ಉಳೀತು. ರಾತ್ರಿ ಎದೆನೋವು ಬಂದು ಹತ್ತಿರದ ಖಾಸಗಿ ಆಸ್ಪತ್ರೆಗೇ ಹೋಗಬೇಕಾಗಿ ಬಂದರೆ? ಮತ್ತೆ ಹೆಂಡತಿ ಮಕ್ಕಳು ಊರಲ್ಲೇ ಇದ್ದವರಿಗೆ ಈ ಕಾರ್ಡಿನಿಂದ ಪ್ರಯೋಜನ ಉಂಟಾ?

ಚಿಂಚವಾಡ_ಪೇರೋಲ್

ಎದೆನೋವಿಗೆ ಕಾರ್ಡ್ ನೋಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಜೀವಕ್ಕೆ ಅಪಾಯದ ತುರ್ತಾದರೆ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯ ಬಿಲ್ಲಿಗೂ ಇಎಸ್‌ಐ ಮರುಪಾವತಿ ಇದೆ, ಸಿಜಿಎಚ್‌ಎಸ್ ದರದ ಮಿತಿಯೊಳಗೆ. ಮರುದಿನವೇ ದವಾಖಾನೆಗೋ ಇಎಸ್‌ಐ ಆಸ್ಪತ್ರೆಗೋ ಲಿಖಿತವಾಗಿ ತಿಳಿಸಿ. ಬೇಕಾಗೋ ಕಾಗದ: ತುರ್ತು ಇತ್ತು ಅಂತ ಡಾಕ್ಟರ ಪ್ರಮಾಣಪತ್ರ, ಬಿಡುಗಡೆ ಸಾರಾಂಶ, ಬಿಡಿಬಿಡಿಯಾದ ಮೂಲ ಬಿಲ್ಲು, ಔಷಧದ ಬಿಲ್ಲು, ಪರೀಕ್ಷೆಗಳ ವರದಿ. ಒಟ್ಟು ಮೊತ್ತದ ಒಂದೇ ಬಿಲ್ಲು ಕೊಟ್ಟರೆ ವಾಪಸ್ ಕಳಿಸ್ತಾರೆ. ಸ್ಥಿರ ಆದ ಮೇಲೆ ಮುಂದಿನ ಆಂಜಿಯೋಪ್ಲಾಸ್ಟಿ ಅಲ್ಲೇ ಮಾಡಿಸೋ ಮೊದಲು ಇಎಸ್‌ಐ ಆಸ್ಪತ್ರೆಯಿಂದ ರೆಫರಲ್ ಕೇಳಿ. ಒಪ್ಪಂದದ ಆಸ್ಪತ್ರೆಗೆ ರೆಫರಲ್ ಸಿಕ್ಕರೆ ನಗದು ಕಟ್ಟೋದೇ ಬೇಡ. ಈ ದೊಡ್ಡ ಚಿಕಿತ್ಸೆಗಳಿಗೆ ಮಾತ್ರ ಹೆಚ್ಚಿನ ಷರತ್ತು: ನೌಕರನಿಗೆ 6 ತಿಂಗಳ ವಿಮೆ, 78 ದಿನದ ವಂತಿಗೆ, ಮನೆಯವರಿಗೆ ಒಂದು ವರ್ಷ, 156 ದಿನ.

ಊರಲ್ಲಿರೋ ಮನೆಯವರಿಗೆ ಬೇರೆ ದವಾಖಾನೆ ಜೋಡಿಸಬಹುದು. ಕುಟುಂಬದ ವಿವರ ತುಂಬೋವಾಗ ಪ್ರತಿ ಸದಸ್ಯನ ಮುಂದೆ "ಜೊತೆಯಲ್ಲಿ ವಾಸವೇ" ಅಂತ ಕೇಳ್ತದೆ. ಇಲ್ಲ ಅಂತ ಹಾಕಿ, ಅವರಿರೋ ರಾಜ್ಯ, ಜಿಲ್ಲೆ ಆರಿಸಿ. ನಮ್ಮ ಪೇರೋಲ್ ಮಂದಿ ಬೇಗ ಮುಗೀಲಿ ಅಂತ ಎಲ್ಲರಿಗೂ "ಹೌದು" ಒತ್ತಿಬಿಡ್ತಾರೆ, ತಿದ್ದಿಸಬೇಕು. ಕಲಬುರಗಿಯಲ್ಲಿ ನಿಗಮದ್ದೇ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಆ ಕಡೆಯವರಿಗೆ ಅನುಕೂಲ. ಮಕ್ಕಳ ಆಧಾರ್ ಜೋಡಿಸಿ, ಇ-ಪೆಹಚಾನ್ ಕಾರ್ಡಿನ (ಇಎಸ್‌ಐ ಗುರುತಿನ ಚೀಟಿಯ) ಒಂದು ಪ್ರತಿ ಮುದ್ರಿಸಿ ಊರಿಗೆ ಕಳಿಸಿ. ಮೊಬೈಲಿನ ಫೋಟೊ ತೋರಿಸಿದರೆ ಕೆಲವು ಕೌಂಟರಿನಲ್ಲಿ ಒಪ್ಪೋದಿಲ್ಲ.